ಎರಡು ಹಿಂಡಿ

ಮಹಡಿಯ ಕಿಟಕಿ ತೆರೆದದ್ದು ಕಂಡು ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟು ಹೋಗಿದ್ದ. ಇನ್ನು ಒಂದು ಸಾಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ದಾನಮ್ಮ ಎರಡನ್ನೂ ಕಾಯಿಸಿದಳು.

ಗದಗದಲ್ಲಿ ಗಂಡ ಚನ್ನವೀರನ ಮಣ್ಣು, ಕಾರ್ಯ ಎಲ್ಲ ಮುಗಿಸಿ ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಬೆಂಗಳೂರಿನ ಬಿಟಿಎಂ ಲೇಔಟಿನ ಬಾಡಿಗೆ ಮನೆಗೆ ಮರಳಿದ್ದಳು. ಅಪ್ಪ ಜೊತೆಗೆ ಬರುತ್ತೇನೆಂದರೂ ಬೇಡವೆಂದಿದ್ದಳು. ಹಾಲು ಆರುವವರೆಗೆ ಏನು ಮಾಡಬೇಕೆಂದು ತೋಚದೆ ತಾರಸಿಗೆ ಹೋದಳು.

ಕೆಳಗಿನ ಮನೆಯ ಒಡತಿ ಲಕ್ಷ್ಮಮ್ಮ ಪೈಂಟಿನ ಹಳೆಯ ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಅದರಲ್ಲಿದ್ದದ್ದು ಚನ್ನವೀರನ ಬದನೆ ಗಿಡ. ದಾನಮ್ಮನ ತವರಿನಿಂದ ತಂದ ಮುಳಗಾಯಿ ಬೀಜ. ಬಿತ್ತಿದ್ದರಲ್ಲಿ ಎದ್ದದ್ದು ಇದೊಂದೇ. ಎಣಗಾಯಿ ಮಾಡುವಿಯಂತೆ, ತಡಿ, ಎಂದು ದಿನಾ ಅದರ ಮುಂದೆ ನಿಲ್ಲುತ್ತಿದ್ದ. ಈಗ ಎಲೆಗಳು ಮುದುಡಿದ್ದವು. ಎಲೆಯಡಿ ಹಸಿರು ಹೇನು ಮುತ್ತಿ, ಕಾಂಡದ ಮೇಲೆ ಇರುವೆಗಳು ಸಾಲುಗಟ್ಟಿದ್ದವು.

"ನೀರು ಹಾಕ್ತಾನೇ ಇದ್ದೆ ಕಣಮ್ಮ. ಆದ್ರೂ ಹಿಂಗಾಗೈತೆ."

"ಕಿತ್ತು ಒಗದಬಿಡ್ರಿ ಅಮ್ಮಾರ."

"ಇರು. ಬುಡ ನೋಡಾನ."

ಲಕ್ಷ್ಮಮ್ಮ ಬೆರಳಿನಿಂದ ಬುಡ ಕೆದಕಿದರು. ಬೂಸ್ಟು ಹಿಡಿದ ಕೆಂಪು ಉಂಡೆಯೊಂದು ಬಂತು. ಮೂಸಿದರು. "ಇದೇನಮ್ಮ, ಬೆಳ್ಳುಳ್ಳಿ ವಾಸ್ನೆ? ಕಡಲೇಕಾಯಿ ಬೇರೆ."

ದಾನಮ್ಮ ಬಗ್ಗಿ ನೋಡಿದಳು. ಅವ್ವ ಕುಟ್ಟಿ ಕಳಿಸಿದ್ದು. ನೋಡಿದರೇ ಗೊತ್ತಾಯಿತು.

"ಹಿಂಡಿ ಹಾಕಪ್ಪ, ಹುಳ ಬರಲ್ಲ ಅಂತ ನಾನೇ ಹೇಳಿದ್ದೆ," ಎಂದರು ಲಕ್ಷ್ಮಮ್ಮ. "ಬೇವಿನ ಹಿಂಡಿ. ಬೀಜದಲ್ಲಿ ಎಣ್ಣೆ ತೆಗೆದ ಮೇಲೆ ಉಳೀತದಲ್ಲ, ಅದು."

"ನಮ್ಮ ಮನ್ಯಾಗ ಹಿಂಡಿ ಅಂದ್ರ ರೊಟ್ಟಿಗೆ ಹಚ್ಕೊಂಡು ತಿನ್ನೂದ್ರಿ. ಶೇಂಗಾ ಹಿಂಡಿ. ಅವರು ಪ್ಯಾಟ್ಯಾಗ ಬೆಳದವ್ರು. ಬ್ಯಾರೆ ಹಿಂಡಿ ಅವರಿಗೆಲ್ಲಿ ಗೊತ್ತು."

ಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ದಾನಮ್ಮನ ಮುಖವನ್ನೇ ನೋಡಿದರು, ನಗಬಹುದೋ ಬಾರದೋ ಎಂಬಂತೆ.

ದಾನಮ್ಮನಿಗೆ ಹಿಂಡಿಯ ಖಾಲಿ ಡಬ್ಬಿ ನೆನಪಾಯಿತು. ಹೊಟ್ಟೇನೋ ಕಾಳು ತುಂಬೂ ಹಗೇವೋ ನಿಮ್ಮದು, ಒಬ್ರೇ ಮುಗಿಸೀರಲ್ಲ, ಎಂದು ಕೇಳಿದ್ದಳು. ಭಾಳ ರುಚಿ ಇತ್ತು ಎಂದಿದ್ದ. ಗಿಡ ಕಾಯಿ ಬಿಡಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದನೇನೋ.

ಅವಳು ನಕ್ಕಳು. ಬಹಳ ದಿನ ಬಳಸದ ಗಂಟಲಿನಿಂದ ನಗು ಒರಟಾಗಿ ಬಂತು.

"ಪುಣ್ಯಾತ್ಮ, ಗಿಡಕ್ಕೂ ಊಟಕ್ಕಿಕ್ಕವ್ನೆ," ಎಂದು ಲಕ್ಷ್ಮಮ್ಮನೂ ನಕ್ಕು, ಕಣ್ಣೊರೆಸಿಕೊಂಡರು. "ತಪ್ಪು ನಂದೇ. ಯಾವ ಹಿಂಡಿ ಅಂತ ಬಿಡಿಸಿ ಹೇಳ್ನಿಲ್ಲ. ಕಡಲೇಕಾಯಿಗೆ ಇರುವೆ ಬಂದವೆ. ಇರುವೆ ಬಂದ್ರೆ ಹೇನಿಗೆ ಕಾವಲು ಸಿಕ್ಕಂಗೆ."

"ಅದರಾಗ ಉಪ್ಪೂ ಅದ ಅಮ್ಮಾರ. ಮೊದಲ ಅದು ತೊಳದು ಹೋಗಬೇಕು." ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದ್ದಳು, ಅದು ಉಪಯೋಗಕ್ಕೆ ಬರುತ್ತಿರುವುದು ಅವಳಿಗೇ ವಿಚಿತ್ರವೆನಿಸಿತು.

"ಹಂಗಾದ್ರೆ ಮೇಲಿನ ಮಣ್ಣು ತೆಗಿ."

ಅವಳ ಕೈ ಡಬ್ಬದ ಅಂಚಿನಲ್ಲಿ ನಿಂತಿತು. ಕಡೆಯ ಸಲ ಮಣ್ಣು ಹಿಡಿದದ್ದು ಗದಗದಲ್ಲಿ, ಅವನನ್ನು ಇಳಿಸಿದ ಕುಣಿಯ ಅಂಚಿನಲ್ಲಿ. ಲಕ್ಷ್ಮಮ್ಮ ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದಾನಮ್ಮ ಎರಡೂ ಕೈ ಒಳಗಿಟ್ಟಳು. ಮಣ್ಣು ತಣ್ಣಗಿತ್ತು.

ತಳದ ತೂತಿನಿಂದ ಧಾರಾಳವಾಗಿ ಹರಿದುಹೋಗುವಂತೆ ಮತ್ತೆ ಮತ್ತೆ ನೀರು ಹೊಯ್ದರು. ಹೊಸ ಮಣ್ಣಿಗೆ ಬೆರೆಸಲು ಸಗಣಿ ಗೊಬ್ಬರ ಜರಡಿ ಹಿಡಿಯಬೇಕಿತ್ತು. ನೀರಿನ ಟ್ಯಾಂಕಿಗೆ ಒರಗಿಸಿದ್ದ ತಂತಿಯ ಜರಡಿ ಕಣ್ಣಿಗೆ ಬಿತ್ತು.

"ಈ ಸಾಣಿಗಿ ನಿಮ್ಮದಲ್ಲೇನ್ರಿ?"

"ನಮ್ಮ ಒಂದ್ರಿನೇ. ಅವ್ನು ಇಸ್ಕೊಂಡಿದ್ದ. ಕೇಳಾಕೆ ಮನ್ಸು ಬರ್ನಿಲ್ಲ." ಲಕ್ಷ್ಮಮ್ಮ ಅದರ ಅಂಚನ್ನು ತಟ್ಟಿದರು. "ಇಟ್ಕೊ. ಗಿಡ ಚಿಗುರಲಿ."

ಗೊಬ್ಬರದೊಂದಿಗೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿದರು. ಮೇಲೆ ಒಣಗಿದ ಎಲೆ ಹೊದಿಸಿದರು. ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕುಲುಕಿ ಸಂಜೆ ಎಲೆಯಡಿಗೆ ಸಿಂಪಡಿಸು, ಬಿಸಿಲಲ್ಲಿ ಬೇಡ, ಸುಡ್ತದೆ ಎಂದರು ಲಕ್ಷ್ಮಮ್ಮ. ಅಂದಿನಿಂದ ದಾನಮ್ಮ ಆಫೀಸಿನಿಂದ ಬಂದವಳೇ ಚಪ್ಪಲಿ ಬಿಟ್ಟು ತಾರಸಿಗೆ ಹೋಗತೊಡಗಿದಳು. ಎಲೆ ತಿರುವಿ ನೋಡುವಳು, ಉಳಿದ ಹೇನು ಬೆರಳಿನಿಂದ ಒರೆಸುವಳು. ಹೇನು ತಿನ್ನಲು ಬಂದ ಚುಕ್ಕೆಯ ಜೀರುಂಡೆಯನ್ನು ಮಾತ್ರ ಅದರ ಪಾಡಿಗೆ ಬಿಟ್ಟಳು. ಹಾಲು ಒಂದೇ ಪ್ಯಾಕೆಟ್ ಸಾಕೆಂದು ಅವಳೇ ಹೇಳಿದಳು. ಕೆಲವು ವಾರಗಳಲ್ಲಿ ಗಿಡ ಚಿಗುರಿತು. ನೇರಳೆ ಹೂ ಬಿಟ್ಟಿತು. ಜರಡಿ ಮಾತ್ರ ಟ್ಯಾಂಕಿನ ಹತ್ತಿರವೇ ಇತ್ತು. ಅವನು ಇಟ್ಟಲ್ಲಿಯೇ.

ಮೊದಲ ಮುಳಗಾಯಿಗಳನ್ನು ಕಿತ್ತ ಭಾನುವಾರ ಜರಡಿಯನ್ನು ತೊಳೆದಳು. ಮುಳಗಾಯಿಯನ್ನೂ ಅವ್ವ ಹೊಸದಾಗಿ ಕಳಿಸಿದ್ದ ಹಿಂಡಿಯ ಡಬ್ಬಿಯನ್ನೂ ಅದರಲ್ಲಿಟ್ಟು ಕೆಳಗಿಳಿದಳು.

ಲಕ್ಷ್ಮಮ್ಮ ಡಬ್ಬಿಯ ಮುಚ್ಚಳ ತೆರೆದರು. "ಇದು ಯಾವುದಕ್ಕೆ ಹಾಕೋ ಹಿಂಡಿ?"

"ನಿಮಗ ಹಾಕೂದ್ರಿ."

ಅವರು ಚಿಟಿಕೆ ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಗಿಡ ಪುಣ್ಯ ಮಾಡಿತ್ತು ಬಿಡು."

ದಾನಮ್ಮ ಅಡುಗೆಮನೆಯ ಗೋಡೆಯತ್ತ ನೋಡಿದಳು. ಹೊಗೆಗೆ ಕಪ್ಪಾದ ಸುಣ್ಣದ ನಡುವೆ, ಮೊಳೆಯ ಕೆಳಗೆ ಬಿಳಿಯ ಒಂದು ವೃತ್ತ ಉಳಿದಿತ್ತು. ಕಾಲ್ಬೆರಳ ಮೇಲೆ ನಿಂತು ಅವಳು ಜರಡಿಯನ್ನು ತೂಗುಹಾಕಿದಳು. ಅದು ತುಸು ಆಡಿ, ಆ ವೃತ್ತದಲ್ಲಿ ನಿಂತಿತು.