ಮೊಲಕ್ಕೊಂದು ಬಟ್ಟಲು ನೀರು

ಯುಗಾದಿಗೆ ಇನ್ನು ನಾಲ್ಕೇ ದಿನವಿದೆ ಎನ್ನುವಾಗ, ಗಂಡಸಿ ಊರಿನಿಂದ ಬಂದ ಕೆಂಚಪ್ಪ ಅರಸೀಕೆರೆಯ ತನ್ನ ಅಕ್ಕನ ಮನೆಯ ಮೆಟ್ಟಿಲ ಕೆಳಗೆ ಕುಕ್ಕರುಗಾಲಲ್ಲಿ ಕೂತ. ಅಲ್ಲಿದ್ದ ಮರದ ಪೆಟ್ಟಿಗೆಯ ಜಾಲರಿ ಸರಿಸಿ, ಒಳಗೆ ಕೈ ಇಟ್ಟು, ಮೊಲದ ಬೆನ್ನನ್ನು ಅದುಮಿ ನೋಡಿದ. ಸಂತೆಯಲ್ಲಿ ಕುರಿಯ ಬೆನ್ನು ಹಿಡಿದು ನೋಡುತ್ತಾರಲ್ಲ, ಹಾಗೆ.

"ಮೂಳೆ ಚಕ್ಳ ಆಗೋಗೈತೆ ಕಣಕ್ಕ. ಆದ್ರೂ ಪರ್ವಾಗಿಲ್ಲ, ಹಬ್ಬದ ಮಾರ್ನೇ ದಿನ ಹೊಸತೊಡಕಿಗೆ ನಾಕು ಜನದ ಸಾರಿಗಾಯ್ತದೆ. ನಂಗೆ ಕೊಟ್ಬುಡು."

ಅಕ್ಕ ನಂದಿತಾ ಪರದೆಗಳನ್ನು ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದವಳು ತಲೆ ಎತ್ತಲಿಲ್ಲ. "ತಗೊಂಡೋಗೋ ಅತ್ಲಾಗೆ. ವಾಸನೆ ತಡ್ಯಕಾಗಲ್ಲ. ಹಬ್ಬಕ್ಕೆ ಮನೆ ತೊಳಿಯೋ ಹೊತ್ಗೆ ಆ ಪೆಟ್ಗೆ ಇಲ್ಲಿಂದ ಹೋದ್ರೆ ಸಾಕಾಗೈತೆ."

ಹಿತ್ತಲ ನಲ್ಲಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ಕೆಂಪಲಕ್ಷ್ಮಮ್ಮನ ಕೈ ಅಲ್ಲೇ ನಿಂತಿತು.

ಕೆಂಪಲಕ್ಷ್ಮಮ್ಮ ಆ ಮನೆಯ ಹಿಂದಿನ ಒಂಟಿ ಕೋಣೆಯ ಬಾಡಿಗೆಯವಳು. ಅಂಗನವಾಡಿಯಲ್ಲಿ ಸಹಾಯಕಿ. ಗಂಡ ತಮ್ಮಯ್ಯ ತೆಂಗಿನಕಾಯಿ ಲಾರಿಯ ಮೇಲೆ ತಿಂಗಳಲ್ಲಿ ಇಪ್ಪತ್ತು ದಿನ ದಾರಿಯಲ್ಲೇ ಇರುತ್ತಿದ್ದ. ಮನೆಯೊಡೆಯ ದೇವೇಂದ್ರ ಕಚೇರಿಯೊಂದರ ಗುಮಾಸ್ತ. ವರ್ಷದ ಹಿಂದೆ ಮಗಳು ಭವ್ಯಾಳ ಹುಟ್ಟುಹಬ್ಬಕ್ಕೆ ಅವನೇ ಬೆಂಗಳೂರಿಂದ ಈ ಮೊಲವನ್ನು ತಂದಿದ್ದ. ಆಗ ಅದು ಹತ್ತಿಯ ಉಂಡೆಯ ಹಾಗಿತ್ತು. ಬೀದಿಯ ಮಕ್ಕಳೆಲ್ಲ ಸಾಲು ನಿಂತು ಮುಟ್ಟಿ ಹೋಗಿದ್ದರು. ಬೆಳ್ಳಿ ಎಂದು ಹೆಸರಿಟ್ಟದ್ದೂ ಆಯಿತು. ಮೊದಲು ಅದು ನಡುಮನೆಯ ಸೋಫಾದ ಮೇಲಿತ್ತು. ಭವ್ಯಾಳ ಕೈ ಪರಚಿದ ಮೇಲೆ ಅಡುಗೆಮನೆಯ ಹಿಂದಕ್ಕೆ ಹೋಯಿತು. ಭವ್ಯಾಳಿಗೆ ಸೈಕಲ್ ಬಂದ ಮೇಲೆ ಮೆಟ್ಟಿಲ ಕೆಳಗೆ. ಬಿಳಿಯ ಮೈ ಗೋಣಿಚೀಲದ ಬಣ್ಣಕ್ಕೆ ತಿರುಗಿತು. ಉಗುರು ಬೆಳೆದು ಸುತ್ತಿಕೊಂಡವು. ಆ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಇವರು ಮೇವು ಹಾಕಿರುತ್ತಾರೆ ಎಂದು ಅವರು, ಅವರು ಹಾಕಿರುತ್ತಾರೆ ಎಂದು ಇವರು, ಅಷ್ಟೇ.

ಹಾಕುತ್ತಿದ್ದವಳು ಕೆಂಪಲಕ್ಷ್ಮಮ್ಮ. ಸಂಜೆ ಸೊಪ್ಪು ಸೋಸಿ ಉಳಿದ ದಂಟು, ಹುರುಳಿಕಾಯಿಯ ತುದಿ, ಕೋಸಿನ ಹೊರಗಿನ ಎಲೆ. ನೀರು ಮಾತ್ರ ಯಾರೂ ಇಡುತ್ತಿರಲಿಲ್ಲ. ಮೊಲಕ್ಕೆ ನೀರು ವಿಷ, ಕುಡಿದರೆ ಹೊಟ್ಟೆ ಉಬ್ಬಿ ಸಾಯುತ್ತದೆ ಎಂದು ಮಾರಿದವನೇ ಹೇಳಿ ಕಳಿಸಿದ್ದನಂತೆ. ಜಾವಗಲ್ಲಿನ ತವರಿನಲ್ಲಿ ಕೆಂಪಲಕ್ಷ್ಮಮ್ಮನೂ ಆ ಮಾತನ್ನು ಕೇಳಿದ್ದಳು. ಬೇಲಿಯ ಮೊಲ ಇಬ್ಬನಿ ನೆಕ್ಕಿಕೊಂಡೇ ಬದುಕುತ್ತದೆ ಎಂದು ಅವಳ ಅಪ್ಪ ಹೇಳುತ್ತಿದ್ದ. ಆ ಮಾತು ನಿಜವೋ ಸುಳ್ಳೋ ಎಂದು ಅವಳು ಯಾವತ್ತೂ ಕೇಳಿರಲಿಲ್ಲ.

ಈಗ ಅವಳು ಬೂದಿಗೈಯಲ್ಲೇ ಎದ್ದು ಬಂದಳು.

"ಅಪ್ಪಾ ಕೆಂಚಪ್ಪ, ಅದನ್ನ ತಿನ್ಬ್ಯಾಡ ಕಣಪ್ಪ."

ಕೆಂಚಪ್ಪ ನಕ್ಕ. "ಏನಕ್ಕಾ, ಯಾವಾಗಿಂದ ಬಾಡು ಬುಟ್ಟೆ? ಹೋದೊರ್ಷ ಹೊಸತೊಡಕಲ್ಲಿ ಇದೇ ಮನೇಲಿ ಮುದ್ದೆ ಮೇಲೆ ಮುದ್ದೆ ಇಳಿಸ್ದೋಳು ನೀನೇ ಅಲ್ವಾ?"

"ನಾನೇ. ಈ ಸಲಾನೂ ತಿಂತೀನಿ, ಯಾರ್ ಬ್ಯಾಡ ಅಂದ್ರು? ಆದ್ರೆ ಕೈಯಾರ ಮೇವು ಹಾಕಿದ್ದನ್ನ ಎಲೆ ಮೇಲೆ ನೋಡಕಾಗಲ್ಲ."

"ಸರಿ, ನಿಂಗೆ ಬಡ್ಸಲ್ಲ ಬುಡು."

ಅಷ್ಟರಲ್ಲಿ ಕಚೇರಿಯಿಂದ ಬಂದ ದೇವೇಂದ್ರ ಚಪ್ಪಲಿ ಬಿಡುತ್ತಾ ಎಲ್ಲ ಕೇಳಿಸಿಕೊಂಡ. ಅವನಿಗೆ ಭಾವಮೈದನ ಮುಖವನ್ನೂ ಮುರಿಯಬಾರದು, ಬಾಡಿಗೆಯವಳ ಮುಖವನ್ನೂ ಮುರಿಯಬಾರದು. "ನೋಡಮ್ಮ ಕೆಂಪಲಕ್ಷ್ಮಮ್ಮ, ಅಮಾಸೆ ಸಂಜೆವರ್ಗೂ ನಿಂಗೆ ಟೈಮು. ಅಷ್ಟ್ರಲ್ಲಿ ಸಾಕ್ಕೊಳೋರು ಯಾರಾದ್ರೂ ಸಿಕ್ರೆ ಕೊಟ್ಬಿಡು. ಇಲ್ಲಾಂದ್ರೆ ಇವ್ನು ತಗೊಂಡೋಗ್ತಾನೆ. ಆಮೇಲೆ ಅಳ್ಬಾರ್ದು."

"ಸಿಕ್ದಂಗೇ ಬುಡು," ಎಂದ ಕೆಂಚಪ್ಪ. "ತಾನು ಹಿಡ್ದ ಮೊಲಕ್ಕೆ ಮೂರೇ ಕಾಲು ಅನ್ನೋ ಪೈಕಿ ಕಣ್ ಭಾವ ಈಯಮ್ಮ. ನಾನು ಅಮಾಸೆ ಸಂಜೆ ಬತ್ತೀನಿ, ಖಾರ ಅರ್ದಿಡಿ."

ಮಾರನೆಯ ದಿನದಿಂದ ಕೆಂಪಲಕ್ಷ್ಮಮ್ಮ ಮನೆಮನೆ ಕೇಳಿದಳು. ಮೂರು ಮನೆಯವರು ಕೊಡಿ ಎಂದರು. ಮೂರು ಮನೆಯಲ್ಲೂ, ಕೊಡಿ ಎಂದವರ ಕಣ್ಣು ತಮಗೆ ತಿಳಿಯದೆಯೇ ಒಲೆಯ ಕಡೆಗೆ ಹೋಯಿತು. ಅವಳು ಎದ್ದು ಬಂದಳು. ಅಂಗನವಾಡಿಯ ಟೀಚರು, ಮಕ್ಕಳು ಕಿವಿ ಹಿಡಿದು ಎಳೆದಾಡಿಬಿಡುತ್ತವೆ, ಬೇಡವೇ ಬೇಡ ಎಂದರು. ಎರಡು ರಾತ್ರಿ ಅವಳಿಗೆ ಊಟ ಸೇರಲಿಲ್ಲ. ಇಷ್ಟು ದಿನ ಸೊಪ್ಪು ಹಾಕಿದ್ದು ಕಟುಕನಿಗೆ ಕೊಬ್ಬಿಸಿ ಕೊಟ್ಟ ಹಾಗಾಯಿತೇ ಎಂದು ಹೊರಳಿದಳು.

ಮೂರನೆಯ ದಿನ ಅಂಗನವಾಡಿಯ ಅಂಗಳದಲ್ಲಿ ಚಾಪೆ ಹಾಸುವಾಗ ಅವಳಿಗೆ ಕಾಂಚನಮಾಲಾ ನೆನಪಾದರು. ಹಳೇಬೀಡಿನ ಅಂಗನವಾಡಿ ಟೀಚರು, ಜೈನರು. ಬೇಲೂರಿನ ತರಬೇತಿಯಲ್ಲಿ ಒಂದು ವಾರ ಪಕ್ಕಪಕ್ಕ ಕೂತಿದ್ದರು. ಇರುವೆ ಸಾಲು ಬಂದರೆ ಎಲ್ಲರೂ ಕೈಯಿಂದ ಒರೆಸಿಬಿಡುತ್ತಿದ್ದರೆ, ಆಕೆ ಮಾತ್ರ ಎದ್ದು ತನ್ನ ಚಾಪೆಯನ್ನೇ ಎಳೆದುಕೊಂಡು ಬೇರೆ ಕಡೆ ಹೋಗುತ್ತಿದ್ದರು. ಬಸದಿಯ ಹತ್ತಿರ ಮನೆ, ಯಾವಾಗಲಾದರೂ ಬನ್ನಿ ಎಂದಿದ್ದರು. ಕರೆದದ್ದು ಊಟಕ್ಕೋ ಮಾತಿಗೋ, ಮೊಲ ಹೊತ್ತುಕೊಂಡು ಬಾ ಎಂದಂತೂ ಅಲ್ಲ. ಆದರೆ ಇನ್ನೊಂದು ಬಾಗಿಲು ಅವಳಿಗೆ ತೋರಲಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಬುಟ್ಟಿಗೆ ಹಳೆಯ ಸೀರೆ ಹಾಸಿ, ಮೊಲವನ್ನು ಇಳಿಸಿದಳು. ಶಾಲೆಯಿಂದ ಬಂದ ಭವ್ಯಾ ಸೈಕಲ್ ಹಿಡಿದುಕೊಂಡೇ ನಿಂತು ನೋಡಿದಳು.

"ಕೊಡ್ಲೇನವ್ವ? ನಿಂದು ತಾನೆ?"

"ತಗೊಂಡೋಗಿ ಆಂಟಿ. ನನ್ನ ಪರಚುತ್ತೆ ಅದು." ಎರಡು ಸಲ ಬೆಲ್ ಮಾಡಿ, ಆಮೇಲೆ ಮೆಲ್ಲಗೆ ಕೇಳಿದಳು, "ಕೆಂಚಪ್ಪ ಮಾವಂಗೆ ಸಿಗಲ್ಲ ಅಲ್ವಾ?"

"ಸಿಗಲ್ಲ," ಎಂದಳು ಕೆಂಪಲಕ್ಷ್ಮಮ್ಮ. ಹೇಳಿದವಳೇ ಸೀರೆಯ ಅಂಚನ್ನು ಬುಟ್ಟಿಯ ಮೇಲೆ ಎಳೆದು ಬಿಗಿಯಾಗಿ ಕಟ್ಟಿದಳು.

ಬಸ್ಸಿನಲ್ಲಿ ಹಬ್ಬದ ಜನ. ಬುಟ್ಟಿಯ ಸೀರೆ ಅಲುಗಾಡಿದ್ದನ್ನು ಕಂಡು ಕಂಡಕ್ಟರ್ ಬಗ್ಗಿದ. "ಏನಮ್ಮ, ಹುಂಜನಾ?"

"ಮೊಲ ಕಣಪ್ಪ."

ಆ ಮಾತು ಹಿಂದಿನ ಸೀಟಿಗೆ ಮುಟ್ಟುವಷ್ಟರಲ್ಲಿ ಜನರ ಬಾಯಲ್ಲಿ ಸಾರು ಕುದಿಯತೊಡಗಿತ್ತು. ಮೆಣಸು ಜಾಸ್ತಿ ಇರಬೇಕು ಎಂದು ಒಬ್ಬ, ತೆಂಗಿನಕಾಯಿ ಹಾಕಿದರೆ ಕೆಟ್ಟಿತು ಎಂದು ಇನ್ನೊಬ್ಬ. ಜಾವಗಲ್ಲಿನಲ್ಲಿ ಇಳಿದ ಮುದುಕನೊಬ್ಬ, "ಮುಂದ್ಗಡೆ ಕಾಲು ಬಾಣಂತೀರ್ಗೆ ಒಳ್ಳೇದು ಕಣವ್ವ," ಎಂದು ಉಪಕಾರದ ಮಾತು ಹೇಳಿ ಇಳಿದ. ಕೆಂಪಲಕ್ಷ್ಮಮ್ಮ ಬುಟ್ಟಿಯನ್ನು ತೊಡೆಯ ಮೇಲೆತ್ತಿಕೊಂಡು, ಹಳೇಬೀಡು ಬರುವವರೆಗೂ ಸೆರಗು ಮುಚ್ಚಿ ಹಿಡಿದಳು.

ದೇವಸ್ಥಾನದ ಮುಂದಿನ ಗದ್ದಲ ದಾಟಿ, ಬಸದಿಗಳ ಕಡೆಯ ರಸ್ತೆಯಲ್ಲಿ ಕೇಳಿಕೊಂಡು ಹೋದರೆ ಮನೆ ಸಿಕ್ಕಿತು. ಕಾಂಚನಮಾಲಾ ಬಾಗಿಲು ತೆರೆದವರೇ, "ಅಯ್ಯೋ ಕೆಂಪಲಕ್ಷ್ಮಮ್ಮ! ಬನ್ನಿ ಬನ್ನಿ, ಹಬ್ಬದ ಹೊತ್ನಲ್ಲಿ..." ಎನ್ನುತ್ತ ಬುಟ್ಟಿ ನೋಡಿ ನಿಂತರು. ಇವಳು ನಿಂತಲ್ಲೇ, ಉಸಿರು ಬಿಡದೆ, ಎಲ್ಲ ಹೇಳಿ ಮುಗಿಸಿದಳು.

ಕಾಂಚನಮಾಲಾ ಒಳಗಿನ ಕಡೆ ನೋಡಿದರು. ಅಲ್ಲಿ ಬಿಳಿ ಸೀರೆಯ ಅತ್ತೆ ಕೂತಿದ್ದರು. ಈ ಮನೆಯಲ್ಲಿ ಹೌದು ಅಲ್ಲ ಎನ್ನುವುದು ಅವರ ಬಾಯಿಂದಲೇ ಬರಬೇಕು ಎನ್ನುವುದು ಆ ಒಂದು ನೋಟದಲ್ಲೇ ತಿಳಿಯಿತು.

ಅತ್ತೆ ಮೆತ್ತಗೆಯೇ ಹೇಳಿದರು. "ನಮ್ಮನೇಲಿ ಪ್ರಾಣಿ ಸಾಕಲ್ಲಮ್ಮ. ಸಾಕೋದು ಅಂದ್ರೆ ಕಟ್ಟೋದು. ಪಂಜರ ಚಿನ್ನದ್ದಾದ್ರೂ ಪಂಜರಾನೇ." ಬೆರಳ ಗೆಣ್ಣು ಎಣಿಸುತ್ತ, ಎಳವೆಯಲ್ಲಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುವ ರಾಗದಲ್ಲಿ ಹೇಳಿದರು, "ಕಟ್ಟಬಾರದು. ಹೊಡೆಯಬಾರದು. ಅಂಗ ಕೊಯ್ಯಬಾರದು. ಹೊರಲಾರದ ಹೊರೆ ಹೊರಿಸಬಾರದು. ಅನ್ನ ನೀರು ತಪ್ಪಿಸಬಾರದು. ಈ ಐದು ತಪ್ಪಲ್ಲಿ ಮೊದಲ್ನೇದೇ ಕಟ್ಟೋದು. ತಿಳೀತಾ?"

ಕೆಂಪಲಕ್ಷ್ಮಮ್ಮನಿಗೆ ತಿಳಿಯಿತು. ಜೀವದ ಮೇಲೆ ದಯೆ ಇರುವವರ ಮನೆ ಎಂದು ಬಂದರೆ, ಆ ದಯೆಯೇ ಬಾಗಿಲಿಗೆ ಅಡ್ಡ ನಿಂತಿತ್ತು.

"ದೊಡ್ಡಮ್ಮಾವ್ರೇ," ಎಂದಳು. "ನೀವ್ ಹೇಳೋದು ಸತ್ಯ. ಆದ್ರೆ ಇದನ್ನ ವಾಪಸ್ ತಗೊಂಡೋದ್ರೆ ನಾಳಿದ್ದು ಒಲೆ ಮೇಲಿರ್ತದೆ. ಅಲ್ಲಿ ಖಾರ ಅರ್ದಾಗೈತೆ."

ಅತ್ತೆ ಕತ್ತು ಚಾಚಿ ಬುಟ್ಟಿಯ ಕಡೆ ನೋಡಿದರು. ಆಮೇಲೆ, "ಮೊದ್ಲು ಆ ಬುಟ್ಟಿ ಬಿಚ್ಚು. ಬಿಸಿಲಲ್ಲಿ ಬಂದಿದೆ. ಕಾಂಚನಾ, ಸೋಸಿದ ನೀರು ಒಂದು ಬಟ್ಟಲು ತಾ," ಎಂದರು.

"ಅಯ್ಯಯ್ಯೋ, ನೀರ್ ಬ್ಯಾಡಿ!" ಕೆಂಪಲಕ್ಷ್ಮಮ್ಮ ಬುಟ್ಟಿಯ ಮೇಲೆ ಬಾಗಿಬಿಟ್ಟಳು. "ಸತ್ತೋಯ್ತದೆ! ಮೊಲಕ್ಕೆ ನೀರ್ ಆಗಲ್ಲ, ಎಲ್ರೂ ಹೇಳ್ತಾರೆ."

"ಎಲ್ರೂ ಅಂದ್ರೆ ಯಾರು? ಮೊಲ ಹೇಳ್ತಾ?"

ಕೆಂಪಲಕ್ಷ್ಮಮ್ಮ ಬುಟ್ಟಿಯ ಮೇಲಿಂದ ಮೆಲ್ಲಗೆ ಹಿಂದೆ ಸರಿದಳು.

"ಉಸಿರಾಡೋ ಜೀವ ನೀರು ಒಲ್ಲೆ ಅನ್ನೋದನ್ನ ನಾನು ಈ ವಯಸ್ಸಿನವರೆಗೂ ಕಂಡಿಲ್ಲ. ಬೇಡ ಅಂದ್ರೆ ಬಿಡುತ್ತೆ. ಇಡೋದಷ್ಟೇ ನಮ್ಮ ಕೆಲ್ಸ."

ಕಾಂಚನಮಾಲಾ ಹಿತ್ತಾಳೆಯ ಬಟ್ಟಲು ತಂದು ನೆಲದ ಮೇಲಿಟ್ಟರು. ಮೊಲ ಬುಟ್ಟಿಯಿಂದ ತೆವಳಿ ಹೊರಬಂತು. ಮೂಗು ನಡುಗಿಸಿ ಮೂಸಿತು, ಹಿಂದೆ ಸರಿಯಿತು, ಮತ್ತೆ ಮೂಸಿತು. ಆಮೇಲೆ ಮುಖವನ್ನು ಬಟ್ಟಲಿಗೆ ಇಳಿಸಿತು.

ಕುಡಿಯಿತು. ನಿಲ್ಲಿಸದೆ ಕುಡಿಯಿತು. ಮೂವರು ಹೆಂಗಸರು ಬಗ್ಗಿ ನೋಡುತ್ತಿದ್ದ ಆ ಮನೆಯಲ್ಲಿ ಪಚಪಚ ನೆಕ್ಕುವ ಸದ್ದೊಂದೇ ಇತ್ತು. ಬಟ್ಟಲ ತಳ ಕಂಡಿತು. ಖಾಲಿ ಹಿತ್ತಾಳೆಯನ್ನೂ ನೆಕ್ಕಿತು. ಕಾಂಚನಮಾಲಾ ಇನ್ನೊಂದು ಬಟ್ಟಲು ಸುರಿದರು. ಅದರಲ್ಲೂ ಅರ್ಧ ಇಳಿಸಿ, ಒದ್ದೆ ಮೀಸೆಯನ್ನು ಮುಂಗಾಲಿನಿಂದ ಒರೆಸಿಕೊಂಡಿತು.

ಹೊಟ್ಟೆ ಉಬ್ಬಲಿಲ್ಲ. ಸಾಯಲಿಲ್ಲ.

ಕೆಂಪಲಕ್ಷ್ಮಮ್ಮ ಗೋಡೆಗೆ ಒರಗಿ ಕೂತು ತನ್ನ ಕೈ ನೋಡಿಕೊಂಡಳು. ದಿನಾ ಮೂವತ್ತೆರಡು ಮಕ್ಕಳಿಗೆ ಲೋಟದಲ್ಲಿ ನೀರು ಹಿಡಿದು, ಸಾಕಾ ಕಂದ, ಇನ್ನೂ ಬೇಕಾ ಎಂದು ಕೇಳಿ ಕುಡಿಸುವ ಕೈ ಅದು. ಅದೇ ಕೈ ಒಂದು ವರ್ಷ, ನಲ್ಲಿಯಿಂದ ಹತ್ತು ಹೆಜ್ಜೆ ದೂರದಲ್ಲಿ, ಇದಕ್ಕೆ ಒಂದು ಹನಿ ಇಡಲಿಲ್ಲ. "ನಾನೇ ಪಾಪಿ ಕಣ್ರವ್ವ," ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. "ಕೆಂಚಪ್ಪನ್ನ ಅಂದೆ. ನಾನೇನ್ ಮಾಡ್ದೆ?"

ಅತ್ತೆ ಎದ್ದು ಬಂದು ಪಕ್ಕದಲ್ಲಿ ಕೂತರು. "ಸೊಪ್ಪು ಹಾಕಿದ್ಯಲ್ಲ, ಅದ್ರಲ್ಲಿದ್ದ ಪಸೆಯಲ್ಲೇ ಇದು ಇಲ್ಲೀವರ್ಗೆ ಜೀವ ಹಿಡಿದಿರೋದು. ಅದನ್ನೂ ಲೆಕ್ಕಕ್ಕೆ ತಗೋ. ಗೊತ್ತಿಲ್ದೆ ಆದದ್ದಕ್ಕೆ ಎದೆ ಬಡ್ಕೊಂಡ್ರೆ ಅದಕ್ಕೇನು ಬಂತು? ಏಳು, ಹಿತ್ಲು ತೋರಿಸ್ತೀನಿ."

ಹಿತ್ತಲಿಗೆ ಸುತ್ತಲೂ ಎದೆಮಟ್ಟದ ಕಲ್ಲುಗೋಡೆ. ಮೂಲೆಯಲ್ಲಿ ಹಸು ಇಲ್ಲದ ಕೊಟ್ಟಿಗೆ. ನೆಲದ ತುಂಬ ಗರಿಕೆ.

"ಕಟ್ಟಲ್ಲ. ಹಗಲೆಲ್ಲ ಇಲ್ಲಿ ಓಡಾಡ್ಕೊಂಡಿರ್ಲಿ. ರಾತ್ರಿ ಬೆಕ್ಕು ಬರುತ್ತೆ, ಅದಕ್ಕೆ ಕೊಟ್ಟಿಗೆ ಬಾಗ್ಲು ಹಾಕ್ತೀನಿ. ಅದು ಸೆರೆ ಅಲ್ಲ, ಕಾವಲು."

ಕಾಂಚನಮಾಲಾ ನಗು ತಡೆಯಲಾರದೆ, "ಅತ್ತೆ, ಈಗ ತಾನೆ ಆಗಲ್ಲ ಅಂದ್ರಲ್ಲ?" ಎಂದರು.

"ಆಗಲ್ಲ ಅಂದದ್ದು ಪಂಜರ ಕಣೇ. ಮೊಲ ಅಲ್ಲ."

ಕೆಂಪಲಕ್ಷ್ಮಮ್ಮನ ಹೆಗಲ ಮೇಲಿಂದ ನಾಲ್ಕು ದಿನದ ಕಲ್ಲು ಇಳಿಯಿತು. ಕಣ್ಣೊರೆಸಿಕೊಂಡು ಹೇಳಬೇಕಾದ್ದನ್ನೆಲ್ಲ ಹೇಳತೊಡಗಿದಳು. ಬಲಗಿವಿಯ ಹಿಂದೆ ಕೆರೆದರೆ ಸುಮ್ಮನಿರುತ್ತದೆ. ಉಗುರು ಕತ್ತರಿಸಬೇಕು. "ಆಮೇಲೆ ಕ್ಯಾರೆಟ್ಟು, ಮೂಲಂಗಿ ಅಂದ್ರೆ ಪ್ರಾಣ ಬುಡ್ತದೆ."

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು.

"ನೆಲದೊಳಗೆ ಬೆಳೆಯೋ ಗೆಡ್ಡೆ ಗೆಣಸು ನಮ್ಮ ಜೈನರ ಮನೆ ಹೊಸ್ತಿಲು ದಾಟಲ್ಲಮ್ಮ," ಎಂದರು ಅತ್ತೆ. "ಇನ್ಮೇಲೆ ಇದಕ್ಕೂ ಅದೇ ವ್ರತ. ಗರಿಕೆ ಬೇಕಾದಷ್ಟಿದೆ, ತಿನ್ಲಿ. ಉಗುರಿಗೆ ಪಶು ಆಸ್ಪತ್ರೆಯವ್ರನ್ನ ಕರೆಸ್ತೀನಿ, ನೋವಾಗ್ಬಾರ್ದು."

ಕೆಳಗೆ ಬಿಟ್ಟಾಗ ಮೊಲ ಅಲ್ಲಾಡದೆ ಕೂತಿತು. ಪೆಟ್ಟಿಗೆಯಷ್ಟೇ ಲೋಕ ಎಂದುಕೊಂಡಿದ್ದ ಜೀವ. ಒಂದು ಹೆಜ್ಜೆ ಇಟ್ಟು ನಿಂತಿತು. ಎರಡನೆಯದಕ್ಕೂ ಜಾಲರಿ ತಾಗಲಿಲ್ಲ. ಆಮೇಲೆ ಸೊಟ್ಟ ಉಗುರುಗಳ ಮೇಲೆಯೇ, ಅಡ್ಡಾದಿಡ್ಡಿಯಾಗಿ, ಒಂದು ನೆಗೆತ ನೆಗೆದು ಬಿತ್ತು. ಎದ್ದು ಮತ್ತೆ ನೆಗೆಯಿತು.

"ಹೊತ್ತು ಇಳೀತಾ ಬಂತು, ಊಟಕ್ಕೆ ಏಳಿ," ಎಂದು ಅತ್ತೆ ಅವಸರ ಮಾಡಿದರು. "ನಮ್ದು ಸೂರ್ಯ ಮುಳುಗೋ ಮುಂಚೆ ಆಗ್ಬೇಕು. ನಿನ್ ಬಸ್ಸು ಆರೂವರೆಗಿದೆ."

ಹಿತ್ತಲ ಬಾಗಿಲಿಗೆ ಎದುರಾಗಿ ಎಲೆ ಹಾಕಿದರು. ಬಿಸಿ ಅನ್ನ, ತೊಗರಿಬೇಳೆಯ ಸಾರು, ತುಪ್ಪ. ಮೊದಲ ತುತ್ತು ಬಾಯಿಗೆ ಹೋದಾಗಲೇ ಕೆಂಪಲಕ್ಷ್ಮಮ್ಮನಿಗೆ ತನಗೆ ಹಸಿವಾಗಿದೆ ಎಂದು ಗೊತ್ತಾದದ್ದು. ನಡುವೆ ಒಮ್ಮೆ ತಡೆಯಲಾರದೆ, "ಬೆಳ್ಳೀ," ಎಂದು ಕೂಗಿದಳು. ದೂರದ ಗೋಡೆಯ ಬುಡದಲ್ಲಿ ಕಿವಿ ಎರಡು ನಿಮಿರಿದವು. ಮೊಲ ತಿರುಗಿ ನೋಡಲಿಲ್ಲ. ಬೆನ್ನು ಹಾಕಿಕೊಂಡೇ ಗರಿಕೆ ಕಡಿಯುತ್ತಿತ್ತು.

"ಮರ್ತೇಬಿಡ್ತಲ್ರೀ!" ಎಂದು ಕಾಂಚನಮಾಲಾ ಛೇಡಿಸಿದರು.

"ಮರೀಲಿ ಬುಡಿ. ಅದೇ ವಾಸಿ," ಎಂದು ನಕ್ಕು, ಕೆಂಪಲಕ್ಷ್ಮಮ್ಮ ಸಂಕೋಚವಿಲ್ಲದೆ ಎಲೆಯನ್ನು ಮುಂದಕ್ಕೆ ಸರಿಸಿದಳು. "ಇನ್ನೊಂದೀಟು ಅನ್ನ ಇಕ್ಕಿ ಟೀಚರೇ."