ಬಾಲ್ಕನಿಯ ಕಂಬಿ

ರಜಾದಿನ, ಬೆಳಕು ಸರಿಯಾಗಿ ಹರಿದಿಲ್ಲ, ಆಗಲೇ ನಿಮ್ಮ ಬೀದಿಯಲ್ಲಿ ಕಾಂಕ್ರೀಟ್ ಕಲಸುವ ಯಂತ್ರ ಗಡಗಡ ಎನ್ನುತ್ತಿದೆಯೇ? ಹಾಗಾದರೆ ಯಾರೋ ನನ್ನಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದು ತಿಳಿದುಕೊಳ್ಳಿ. ನಾನು ಕಟ್ಟಡ ಇನ್‌ಸ್ಪೆಕ್ಟರ್. ನನಗೆ ರಜೆ ಇದ್ದ ದಿನವೇ ಊರಿನವರಿಗೆಲ್ಲ ತಾರಸಿ ಹಾಕುವ ಅವಸರ.

ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಬೆನ್ನ ಹಿಂದೆ ನನಗೆ ತಕರಾರಮ್ಮ ಎಂದು ಹೆಸರಿಟ್ಟಿದ್ದಾರೆ. ನಾನು ಹೋದ ಕೂಡಲೇ ಅಲ್ಲಿಯವರೆಗೂ ನಗುತ್ತಿದ್ದವರು ಸುಮ್ಮನಾಗುತ್ತಾರೆ. ಒಬ್ಬ ತಲೆ ಕೆರೆದುಕೊಳ್ಳುತ್ತಾನೆ, ಇನ್ನೊಬ್ಬ ಬಾರದ ಫೋನನ್ನು ಕಿವಿಗೆ ಹಿಡಿಯುತ್ತಾನೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಕೆಲಸದವರೆಲ್ಲ ಇಟ್ಟಿಗೆ ರಾಶಿಯ ಆ ಕಡೆ, ನಾನೊಬ್ಬಳು ಈ ಕಡೆ. ಮದುವೆಯಾಗಿಲ್ಲ, ಮನೆಗೆ ಹೋದರೂ ಮಾತಿಗೆ ಜನವಿಲ್ಲ. ಬೇಜಾರಾಗುತ್ತದೆ. ಆಗುವುದಿಲ್ಲ ಎಂದು ಸುಳ್ಳು ಯಾಕೆ ಹೇಳಲಿ?

ನನ್ನ ಬಾಡಿಗೆ ಕೋಣೆ ಎರಡನೇ ಮಹಡಿಯಲ್ಲಿದೆ. ಎದುರಿಗೆ ಒಬ್ಬ ದರ್ಜಿಯ ಮನೆ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ. ದರ್ಜಿ ಹೊಲಿಯುತ್ತಾನೆ, ಅವನ ಹೆಂಡತಿ ಗುಂಡಿ ಹಾಕುತ್ತಾಳೆ. ದರ್ಜಿಯ ತಾಯಿಗೆ ಮಂಡಿ ನೋವು. ಹಿಂದಿನ ಕತ್ತಲೆ ಕೋಣೆಯಲ್ಲಿ ಮಂಚದ ಮೇಲೆ ಕೂತು, ಅಂಗಡಿಯಲ್ಲಿ ಸದ್ದಾದಾಗಲೆಲ್ಲ ಯಾರು ಬಂದದ್ದು ಎಂದು ಕೂಗಿ ಕೇಳುತ್ತಿರುತ್ತಾರೆ.

ಸಂಜೆ ಕಚೇರಿ ಮುಗಿಸಿ ಬಂದವಳು ಆ ಅಂಗಡಿಯ ಬೆಂಚಿನ ಮೇಲೆ ಅರ್ಧ ಗಂಟೆ ಕೂರುತ್ತಿದ್ದೆ. ದರ್ಜಿಯ ಹೆಂಡತಿ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಚಹಾ ಕೊಟ್ಟು, ಬೀದಿಯ ಸುದ್ದಿಯನ್ನೆಲ್ಲ ಉಪ್ಪುಖಾರ ಹಚ್ಚಿ ಹೇಳುತ್ತಿದ್ದಳು. ನನ್ನ ಇಡೀ ದಿನದ ಮಾತು ಎಂದರೆ ಆ ಅರ್ಧ ಗಂಟೆ, ಅಷ್ಟೇ.

ಹೀಗಿರುವಾಗ ದರ್ಜಿ ಮನೆಯ ಹೆಂಚು ತೆಗೆಸಿ ತಾರಸಿ ಹಾಕಿಸಿ, ಅದರ ಮೇಲೊಂದು ಮಹಡಿ ಕಟ್ಟಲು ಅರ್ಜಿ ಹಾಕಿದ. ಎರಡು ಕೋಣೆ, ಆ ತಾರಸಿಯಿಂದಲೇ ಬೀದಿಯ ಕಡೆಗೆ ಚಾಚಿದ ನಾಲ್ಕು ಅಡಿಯ ಬಾಲ್ಕನಿ. ಬಾಲ್ಕನಿ ಅವನ ತಾಯಿಗಾಗಿ. ಒಂದು ಸಲ ನಿಧಾನವಾಗಿ ಮೇಲೆ ಹತ್ತಿಸಿಬಿಟ್ಟರೆ ಆಮೇಲೆ ದಿನವೆಲ್ಲ ಅಲ್ಲೇ ಕುರ್ಚಿ ಹಾಕಿಕೊಂಡು ಬೀದಿ ನೋಡಬಹುದು, ಯಾರು ಬಂದರೆಂದು ಯಾರನ್ನೂ ಕೇಳಬೇಕಾಗಿಲ್ಲ ಎಂದು ಮುದುಕಿ ನನ್ನ ಹತ್ತಿರವೇ ಹೇಳಿಕೊಂಡು ಹಿಗ್ಗಿದ್ದರು.

ಅರ್ಜಿ ನನ್ನ ಮೇಜಿಗೇ ಬಂತು. ನನ್ನದೊಂದು ನೇಮವಿದೆ. ಒಂದು ಮನೆಯ ಕಡತ ನನ್ನ ಕೈಗೆ ಬಂದ ದಿನದಿಂದ ಕೊನೆಯ ಸಹಿ ಬೀಳುವವರೆಗೆ ಆ ಮನೆಯ ನೀರನ್ನೂ ಮುಟ್ಟುವುದಿಲ್ಲ. ಇವತ್ತು ಚಹಾ ಕುಡಿದರೆ ನಾಳೆ ಚಹಾಕ್ಕೆ ಸಹಿ ಹಾಕಿದಳು ಎನ್ನುವವರು ಇದ್ದೇ ಇದ್ದಾರೆ. ಅಂದು ಸಂಜೆ ದರ್ಜಿಯ ಹೆಂಡತಿ ಲೋಟ ಚಾಚಿದಾಗ ಬೇಡ ಎಂದು ಹೇಳಿ ಮೆಟ್ಟಿಲು ಹತ್ತಿಬಿಟ್ಟೆ. ಯಾಕೆ ಎಂದು ಹೇಳಲಿಲ್ಲ. ಅವಳಿಗೇ ಅರ್ಥವಾಗುತ್ತದೆ ಎಂದುಕೊಂಡೆ. ಅವಳಿಗೆ ಅರ್ಥವಾದದ್ದು ಅಧಿಕಾರದಿಂದ ನನ್ನ ತಲೆ ತಿರುಗಿದೆ ಎಂದು. ಮಾರನೆಯ ದಿನ ಬೆಂಚಿನ ಮೇಲೆ ನಾನು ಕೂರುವ ಜಾಗದಲ್ಲಿ ಬಟ್ಟೆಯ ಗಂಟು ಇತ್ತು.

ಆಮೇಲೆ ಆ ಮನೆಗೆ ಹೋದದ್ದು ಅಳತೆಪಟ್ಟಿ ಹಿಡಿದುಕೊಂಡೇ. ಕಂಬ ನೋಡಿದೆ, ಗೋಡೆ ನೋಡಿದೆ, ಸರಿಯಿದೆ ಎಂದು ಬರೆದು ಬಂದೆ. ಒಂದು ದಿನ ಒಳಗಿನಿಂದ ಮುದುಕಿ ಯಾರು ಬಂದದ್ದು ಎಂದು ಕೂಗಿದರು. ಸೊಸೆ ತಲೆ ಎತ್ತದೆ, "ಯಾರೂ ಇಲ್ಲ, ಆಫೀಸ್ನೋರು" ಎಂದಳು.

ತಾರಸಿಗೆ ಕಾಂಕ್ರೀಟ್ ಹಾಕುವ ಮುಂಚೆ ಕಚೇರಿಗೆ ತಿಳಿಸಬೇಕು, ನಾನು ಹೋಗಿ ಒಳಗೆ ಕಟ್ಟಿದ ಕಬ್ಬಿಣದ ಕಂಬಿ ನೋಡಬೇಕು. ಕಾಂಕ್ರೀಟ್ ಬಿದ್ದ ಮೇಲೆ ಒಳಗಿನದು ಯಾರ ಕಣ್ಣಿಗೂ ಕಾಣುವುದಿಲ್ಲ. ದರ್ಜಿಗೆ ಇದು ಗೊತ್ತಿತ್ತು. ಆದರೆ ಮೇಸ್ತ್ರಿ ಅವನ ಕಿವಿ ಕಚ್ಚಿದ್ದ. ತಕರಾರಮ್ಮನಿಗೆ ಹೇಳಿದರೆ ಏನಾದರೊಂದು ಕೊಕ್ಕೆ ತೆಗೆದು ವಾರ ಕೂರಿಸುತ್ತಾಳೆ, ಭಾನುವಾರ ಬೆಳಿಗ್ಗೆ ಮುಗಿಸಿಬಿಡೋಣ ಎಂದಿದ್ದ. ಮೊದಲೇ ನನ್ನ ಮೇಲೆ ಮುನಿಸಿದ್ದ ದರ್ಜಿ ಹೂಂ ಎಂದಿದ್ದ.

ಭಾನುವಾರ ಬೆಳಿಗ್ಗೆ ಕಿಟಕಿಗೆ ಟವೆಲ್ ಒಣಹಾಕುತ್ತಿದ್ದೆ. ಎದುರಿಗೆ ಯಂತ್ರ ಶುರುವಾಯಿತು. ಮೇಲಿನಿಂದ ನೋಡಿದರೆ ಎಲ್ಲ ಅಂಗೈ ಮೇಲಿದ್ದಂತೆ ಕಾಣುತ್ತಿತ್ತು. ಕೋಣೆಗಳ ಕಂಬಿ ಅಚ್ಚುಕಟ್ಟಾಗಿತ್ತು. ಬಾಲ್ಕನಿಯ ಕಡೆ ಕಣ್ಣು ಹೋದಾಗ ಕಿಟಕಿಯಿಂದ ಬಗ್ಗಿ ನೋಡಿದೆ. ಎತ್ತರದಲ್ಲಿ ಇರಬೇಕಿದ್ದ ಕಂಬಿಗಳು ತಗ್ಗಿ, ಕಾಂಕ್ರೀಟ್ ಹಿಡಿಯಲು ಕೆಳಗೆ ಹಾಸಿದ ಹಲಗೆಗೆ ಅಂಟಿಕೊಂಡಿದ್ದವು. ಕರೆಂಟ್ ವೈರುಗಳಿಗೆ ಪೈಪ್ ಹಾಕಲು ಬಂದವರು ಎರಡು ದಿನ ಅದನ್ನೇ ತುಳಿದುಕೊಂಡು ಓಡಾಡಿದ್ದರು.

ಒದ್ದೆ ಟವೆಲ್ ಹಿಡಿದುಕೊಂಡು ಅಲ್ಲೇ ನಿಂತೆ. ಇವತ್ತು ರಜೆ, ಯಾರೂ ನನ್ನನ್ನು ಕರೆದಿಲ್ಲ. ಕಿಟಕಿ ಮುಚ್ಚಿಕೊಂಡರೆ ನಾನು ನೋಡಿದ್ದು ಯಾರಿಗೂ ತಿಳಿಯುವುದಿಲ್ಲ. ಇಳಿದು ಹೋದರೆ ಅರ್ಧ ಮುಚ್ಚಿರುವ ಆ ಮನೆಯ ಬಾಗಿಲು ಪೂರ್ತಿ ಮುಚ್ಚುತ್ತದೆ. ನನಗೆ ಈ ಬೀದಿಯಲ್ಲಿ ಇದ್ದದ್ದು ಅದೊಂದೇ ಮನೆ. ನಿಜ ಹೇಳುತ್ತೇನೆ, ಒಂದು ನಿಮಿಷ ಕಿಟಕಿಯ ಚಿಲಕದ ಮೇಲೆ ಕೈ ಇಟ್ಟಿದ್ದೆ. ಆಮೇಲೆ ಆ ಬಾಲ್ಕನಿಯಲ್ಲಿ ಕೂರಬೇಕೆಂದಿದ್ದ ಮುದುಕಿ ಕಣ್ಣಮುಂದೆ ಬಂದರು. ಟವೆಲ್ ಅಲ್ಲೇ ಬಿಸಾಕಿ ಓಡಿದೆ.

ನನ್ನನ್ನು ನೋಡಿ ಮೇಸ್ತ್ರಿಯ ಮುಖ ಹುಳ್ಳಗಾಯಿತು.

"ಮೇಡಂ, ಇವತ್ತು ನಿಮಗೆ ರಜ ಅಲ್ವಾ?"

"ರಜಾನೇ. ಮೊದಲು ಮಿಷನ್ ನಿಲ್ಸಪ್ಪ, ಆಮೇಲೆ ಮಾತಾಡೋಣ."

ಯಂತ್ರ ನಿಂತಿತು. ಬಾಲ್ಕನಿಯ ಕಂಬಿ ಕೆಳಗೆ ಬಿದ್ದಿದೆ, ಹೀಗೆಯೇ ಹಾಕಿದರೆ ಕುಸಿಯುತ್ತದೆ ಎಂದೆ. ಮೇಸ್ತ್ರಿ ಇಷ್ಟು ವರ್ಷ ತಾನೇನು ಕಡಲೆಕಾಯಿ ತಿನ್ನುತ್ತಿದ್ದೆನೇ ಎಂದು ಗೊಣಗಿದ. ಕಂಬಿ ಮೇಲಿದ್ದರೇನು, ಕೆಳಗಿದ್ದರೇನು, ಅಷ್ಟೇ ಕಂಬಿ, ಅಷ್ಟೇ ಸಿಮೆಂಟು ಎಂದು ದರ್ಜಿ ವಾದಿಸಿದ. ಕೊನೆಗೆ ಅವನ ಮನಸ್ಸಿನಲ್ಲಿ ಇದ್ದದ್ದು ಹೊರಗೆ ಬಿತ್ತು.

"ಚಹಾ ಬೇಡ ಅಂದಾಗಲೇ ಗೊತ್ತಾಯ್ತು, ನಮ್ಮ ಮೇಲೆ ಏನೋ ಇಟ್ಕೊಂಡಿದ್ದೀರಿ ಅಂತ. ಈಗ ತೀರಿಸ್ಕೊಳ್ತಿದ್ದೀರಿ."

ನನಗೆ ಅಳು ಬಂತು. ನುಂಗಿಕೊಂಡೆ. ಅಳುವ ಇನ್‌ಸ್ಪೆಕ್ಟರ್ ಮಾತನ್ನು ಯಾರು ಕೇಳುತ್ತಾರೆ? ಅವನನ್ನು ಅಂಗಡಿಗೆ ಕರೆದುಕೊಂಡು ಹೋದೆ. ಕೋಟಿನ ಭುಜಕ್ಕೆ ಇಡುವ ದಪ್ಪ ಸ್ಪಂಜಿನ ಒಂದು ಪಟ್ಟಿ ತೆಗೆದುಕೊಂಡೆ. ಅದರ ಮೇಲ್ಗಡೆ ಕತ್ತರಿಯಿಂದ ಸಣ್ಣ ಗೀರು ಹಾಕಿದೆ, ಕೆಳಗಡೆಯೂ ಒಂದು ಗೀರು ಹಾಕಿದೆ. ಪಟ್ಟಿಯ ಅರ್ಧ ಮೇಜಿನ ಮೇಲೆ ಒತ್ತಿ ಹಿಡಿದು, ಇನ್ನರ್ಧ ಮೇಜಿನಿಂದ ಹೊರಗೆ ಚಾಚಿದೆ.

"ಇದು ನಿಮ್ಮ ಬಾಲ್ಕನಿ. ತುದಿ ಮೇಲೆ ಬೆರಳಿಟ್ಟು ಒತ್ತಿ. ನಿಮ್ಮಮ್ಮ ಕೂತಿದ್ದಾರೆ ಅನ್ಕೊಳ್ಳಿ."

ದರ್ಜಿ ಒತ್ತಿದ. ಪಟ್ಟಿ ಬಾಗಿತು. ಮೇಲಿನ ಗೀರು ಅಗಲವಾಗಿ ಬಾಯಿ ಬಿಟ್ಟಿತು. ಕೆಳಗಿನ ಗೀರು ಮುಚ್ಚಿಕೊಂಡಿತು.

"ಹರಿಯೋದು ಎಲ್ಲಿ?"

"ಮೇಲ್ಗಡೆ."

"ನೀವಾದ್ರೆ ಹೊಲಿಗೆ ಎಲ್ಲಿ ಹಾಕ್ತೀರಿ?"

ಅವನು ಸ್ಪಂಜನ್ನು ಎರಡು ಮೂರು ಸಲ ಒತ್ತಿ ಬಿಟ್ಟು ನೋಡಿದ.

"ಬಾಯಿ ಬಿಡೋ ಕಡೆ ಹಾಕ್ಬೇಕು. ಕೆಳಗೆ ಹಾಕಿದ್ರೆ ದಾರ ದಂಡ."

"ಕಂಬಿ ಅಂದ್ರೆ ಅದೇ ಹೊಲಿಗೆ. ಕೋಣೆ ತಾರಸಿಗೆ ಎರಡೂ ಕಡೆ ಗೋಡೆ ಇರುತ್ತೆ, ಅದು ನಡುವೆ ಕೆಳಗಡೆ ಹರಿಯುತ್ತೆ, ಅಲ್ಲಿ ಕಂಬಿ ಕೆಳಗಿರ್ಬೇಕು. ಬಾಲ್ಕನಿಗೆ ಒಂದೇ ಕಡೆ ಹಿಡಿತ. ಇದಕ್ಕೆ ಮೇಲೇ ಇರ್ಬೇಕು."

ದರ್ಜಿ ಮೇಸ್ತ್ರಿಯನ್ನು ಕರೆದು, ತಾನೇ ಸ್ಪಂಜು ಒತ್ತಿ ತೋರಿಸಿದ. ಮೇಸ್ತ್ರಿ ಒಳ್ಳೆಯವನೇ. ತಾನು ಮೇಲೆಯೇ ಕಟ್ಟಿದ್ದೆ ಎಂದು ಆಣೆ ಮಾಡಿದ. ನಾನು ನಂಬಿದೆ. ಅವನು ಕಟ್ಟಿದ್ದು ಸರಿಯಾಗಿಯೇ ಇತ್ತು. ಆದರೆ ಕಂಬಿಯ ಕೆಳಗೆ ಆಸರೆ ಇಟ್ಟಿರಲಿಲ್ಲ, ಓಡಾಡಲು ಹಲಗೆ ಹಾಸಿರಲಿಲ್ಲ, ಸುರಿಯುವ ಮುಂಚೆ ಮತ್ತೊಮ್ಮೆ ನೋಡಿರಲಿಲ್ಲ. ಒಮ್ಮೆ ಕಟ್ಟಿದ ಮೇಲೆ ಅದು ಹಾಗೆಯೇ ಇರುತ್ತದೆ ಎಂದುಕೊಂಡಿದ್ದ.

ಕಲಸಿದ್ದ ಕಾಂಕ್ರೀಟನ್ನು ಹಿತ್ತಲಿನ ನೆಲಕ್ಕೆ ಸುರಿದರು. ಕಂಬಿಯನ್ನೇ ಬಗ್ಗಿಸಿ ಪುಟ್ಟ ಸ್ಟೂಲಿನಂಥ ಆಸರೆಗಳನ್ನು ಮಾಡಿ ಬಾಲ್ಕನಿಯ ಕಂಬಿಯ ಕೆಳಗೆ ಕೊಟ್ಟರು. ಸಂಜೆಯವರೆಗೂ ಕೆಲಸ ನಡೆಯಿತು. ಮಾರನೆಯ ದಿನ ನಾನು ಅಳತೆ ಹಿಡಿದು ನೋಡಿ ಹೂಂ ಎಂದ ಮೇಲೆ, ಹಲಗೆಯ ಮೇಲೆ ನಡೆದುಕೊಂಡೇ ಕಾಂಕ್ರೀಟ್ ಹಾಕಿದರು. ವಾರ ಕೂರಿಸುತ್ತಾಳೆ ಎಂದಿದ್ದರಲ್ಲ, ಹಿಡಿದದ್ದು ಒಂದೇ ದಿನ.

ದರ್ಜಿಯ ಹೆಂಡತಿಗೆ ಚಹಾದ ವಿಷಯ ಆ ಭಾನುವಾರವೇ ಬಿಡಿಸಿ ಹೇಳಿದೆ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದಳು.

"ಇದನ್ನ ಅವತ್ತೇ ಬಾಯಿಬಿಟ್ಟು ಹೇಳಿದ್ರೆ ನಿಮ್ಮ ಸಂಬಳ ಕಟ್ ಆಗ್ತಿತ್ತಾ ಅಕ್ಕ?"

ತಪ್ಪು ನನ್ನದೂ ಇತ್ತು. ಸರಿಯಿಲ್ಲ ಎಂದು ಬರೆಯುವುದು ಕಲಿತಿದ್ದೆ, ಯಾಕೆ ಎಂದು ಕೂತು ಹೇಳುವುದು ಕಲಿತಿರಲಿಲ್ಲ.

ಇಷ್ಟಾದ ಮೇಲೆ ಎಲ್ಲ ಮೊದಲಿನ ಹಾಗೆ ಆಯಿತು ಎಂದುಕೊಳ್ಳಬೇಡಿ. ಮನೆ ಮುಗಿಯುವವರೆಗೆ ನನ್ನ ನೇಮ ನನಗೆ. ಅವರಿಗೂ ಕೈತುಂಬ ಕೆಲಸ. ಬೆಂಚನ್ನು ಸಿಮೆಂಟ್ ಚೀಲ ಇಡಲು ಒಯ್ದಿದ್ದರು. ನಾನು ಕಚೇರಿಯಿಂದ ಬಂದು ನೇರವಾಗಿ ಮೆಟ್ಟಿಲು ಹತ್ತುತ್ತಿದ್ದೆ. ಕೊನೆಯ ಸಹಿ ಹಾಕಿ ಬಂದ ದಿನವೂ ಅಷ್ಟೇ, ಕೋಣೆಯಲ್ಲಿ ಒಬ್ಬಳೇ ಕೂತು ಕಿಟಕಿಯಿಂದ ನೋಡಿದೆ. ಮಗ ತಾಯಿಯ ತೋಳು ಹಿಡಿದು ಬಾಲ್ಕನಿಯಲ್ಲಿ ಕೂರಿಸಿದ. ಮುದುಕಿ ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದರು. ಬಾಲ್ಕನಿ ಕೂದಲೆಳೆಯಷ್ಟೂ ಕದಲಲಿಲ್ಲ. ನಾನು ಮಾಡಿದ ಕೆಲಸ ಅಲ್ಲಿ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ, ನನ್ನ ಕೆಲಸವೇ ಹಾಗೆ.

ಅದಾಗಿ ಹತ್ತು ದಿನಕ್ಕೆ ನನ್ನ ಬಾಗಿಲು ಬಡಿದ ಸದ್ದಾಯಿತು. ನನ್ನ ಬಾಗಿಲನ್ನು ಯಾರೂ ಬಡಿಯುವುದಿಲ್ಲ, ಪಕ್ಕದ ಮನೆಯದಿರಬೇಕು ಎಂದು ಸುಮ್ಮನಿದ್ದೆ. ಮತ್ತೆ ಬಡಿದರು. ತೆಗೆದರೆ ದರ್ಜಿಯ ಹೆಂಡತಿ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಾಳೆ. ಇದ್ದ ಒಂದೇ ಕುರ್ಚಿಯನ್ನು ಅವಳಿಗೆ ಕೊಟ್ಟು ನಾನು ಮಂಚದ ತುದಿಯಲ್ಲಿ ಕೂತೆ.

"ನನ್ನ ತಂಗಿ ಮನೆಗೆ ಮುಂದಿನ ವಾರ ತಾರಸಿ ಹಾಕ್ತಾರೆ. ನಿಮ್ಮ ಏರಿಯಾದಲ್ಲೇ. ಅಕ್ಕ ನೋಡೋವರ್ಗೂ ಒಂದು ಬಾಣಲಿನೂ ಸುರಿಯಬೇಡಿ ಅಂತ ಹೇಳಿದ್ದೀನಿ. ಯಾವತ್ತು ಬರ್ತೀರಿ?"

ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ಕರೆಯಲು ಮನೆಗೆ ಬಂದವಳು ಅವಳೇ ಮೊದಲು. ದಿನ ಗೊತ್ತುಮಾಡಲು ಡೈರಿ ತೆಗೆದೆ. ಕಣ್ಣು ಮಂಜಾಗಿ ತಾರೀಖು ಕಾಣಲಿಲ್ಲ. ಅವಳೇ ಓದಿ ಹೇಳಿದಳು.

ಮನೆ ಕಟ್ಟುತ್ತಿರುವವರೇ, ಇದನ್ನು ನಿಮಗಾಗಿಯೇ ಬರೆದೆ. ಕಾಂಕ್ರೀಟ್ ಸುರಿಯುವ ಮುಂಚೆ ನಿಮ್ಮ ಊರಿನ ಕಟ್ಟಡ ಇನ್‌ಸ್ಪೆಕ್ಟರನ್ನು ಕರೆಯಿರಿ. ಬಾಲ್ಕನಿಯ ಮುಖ್ಯ ಕಂಬಿ ಮೇಲ್ಗಡೆ ಇದೆಯೇ, ಒಳಗಿನ ತಾರಸಿಯೊಳಗೆ ನಕ್ಷೆಯಲ್ಲಿ ಇರುವಷ್ಟು ದೂರ ಹೋಗಿದೆಯೇ ಎಂದು ಕೇಳಿ, ಬೆರಳಿಟ್ಟು ತೋರಿಸಲು ಹೇಳಿ. ಕಂಬಿ ತುಳಿಯಲು ಯಾರನ್ನೂ ಬಿಡಬೇಡಿ, ಹಲಗೆ ಹಾಸಿ. ಹಲಗೆಯ ಕೆಳಗೆ ಆಸರೆಗೆ ಕೊಟ್ಟ ಊರುಗೋಲುಗಳನ್ನು ಎಂಜಿನಿಯರ್ ಹೇಳುವವರೆಗೆ ಕೀಳಬೇಡಿ. ನಾವು ಬೇಡ ಎಂದರೆ ಯಾಕೆ ಬೇಡ ಎಂದು ನಮ್ಮನ್ನೇ ಕೇಳಿ. ಹೇಳುವುದು ನಮ್ಮ ಕರ್ತವ್ಯ.

ನೀವು ಕರೆಯದಿದ್ದರೂ ನಾನು ಬಂದೇ ಬರುತ್ತೇನೆ, ಅದಕ್ಕೇ ನನಗೆ ಸಂಬಳ ಕೊಡುತ್ತಾರೆ. ಆದರೂ ಒಮ್ಮೆ ಕರೆದು ನೋಡಿ.