ಸಂಜೆಗೆ ಬೆಳಗಾದ ಭಾನುವಾರ

ಇದು ನಿಜವಾಗಿ ನಡೆದದ್ದು. ಸುಳ್ಳಾಗಿದ್ದರೆ ಇದಕ್ಕಿಂತ ಚೆನ್ನಾಗಿ ಹೇಳುತ್ತಿದ್ದೆ.

ನನ್ನ ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಾಳೆ. ವಾರವಿಡೀ ಊರವರ ರಕ್ತ, ಭಾನುವಾರ ನಮ್ಮದು ಎಂದು ಭಾವ ಗೊಣಗುವುದುಂಟು, ಅವಳಿಗೆ ಕೇಳಿಸದಷ್ಟು ಮೆಲ್ಲಗೆ. ಪ್ರತಿ ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಅವಳ ತಂಟೆಗೆ ಯಾರೂ ಹೋಗುವಂತಿಲ್ಲ. ರೇಡಿಯೋ ಸಣ್ಣಗೆ ಹಚ್ಚಿಕೊಂಡು, ನೆಲಕ್ಕೆ ಕಂಬಳಿ ಮಡಿಸಿ ಹಾಸಿ, ವಾರಕ್ಕಾಗುವಷ್ಟು ಬಿಳಿ ಕೋಟುಗಳಿಗೆ ಇಸ್ತ್ರಿ ಹಾಕುತ್ತಾಳೆ. ಆಮೇಲೆ ತರಕಾರಿ ಹೆಚ್ಚಿ ಡಬ್ಬಿಗೆ ತುಂಬುವುದು, ಶೂ ತೊಳೆದು ಒಣಗಿಸುವುದು. ಕೋಟುಗಳೆಲ್ಲ ಸಾಲಾಗಿ ಮೊಳೆಗೆ ನೇತುಬಿದ್ದ ಮೇಲೆ ಅವನ್ನೇ ನೋಡುತ್ತ ಗೋಡೆಗೊರಗಿ ಕೂತುಬಿಡುತ್ತಾಳೆ.

"ಇಷ್ಟಾದ್ರೆ ಸಾಕು ಕಣೋ. ಸೋಮವಾರದ ಮುಖ ನೋಡೋ ಧೈರ್ಯ ಬರುತ್ತೆ."

ಆ ಭಾನುವಾರ ಧೈರ್ಯಕ್ಕೆ ಇಸ್ತ್ರಿಯಾಗಲಿಲ್ಲ. ಯಾರೋ ರಜೆ ಹಾಕಿದರೆಂದು ಹಿಂದಿನ ರಾತ್ರಿ ಪಾಳಿಯೂ ಇವಳ ತಲೆಗೇ ಬಿದ್ದಿತ್ತು. ಕಂಬಳಿ ಹಾಸಿದಳು, ಮೊದಲ ಕೋಟಿನ ಕಾಲರ್ ಹರವಿದಳು, ಅದರ ಮೇಲೇ ತಲೆಯಿಟ್ಟು ನಿದ್ದೆಹೋದಳು. ಪುಣ್ಯಕ್ಕೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಇನ್ನೂ ಹಾಕಿರಲಿಲ್ಲ.

ತೋಳು ಮುಟ್ಟಿ ಎಬ್ಬಿಸಲು ನೋಡಿದೆ. ಕಣ್ಣು ಬಿಡದೆಯೇ, "ಮುಷ್ಟಿ ಬಿಗಿ ಮಾಡಿ, ಇರುವೆ ಕಚ್ಚಿದ ಹಾಗಾಗುತ್ತೆ ಅಷ್ಟೇ" ಎಂದಳು. ಮುಷ್ಟಿ ಬಿಗಿ ಮಾಡಿಕೊಂಡು ಸುಮ್ಮನೆ ಹಿಂದೆ ಸರಿದೆ.

ಅವಳಿಗೆ ಎಚ್ಚರವಾದಾಗ ಗೋಡೆ ಗಡಿಯಾರದಲ್ಲಿ ಆರು ಗಂಟೆ. ಕಿಟಕಿಯಲ್ಲಿ ಬೂದು ಬೆಳಕು. ಬೆಳಗಿನ ಆರಕ್ಕೂ ಸಂಜೆಯ ಆರಕ್ಕೂ ಗಡಿಯಾರ ಒಂದೇ ಮುಖ ಮಾಡುತ್ತದೆ. ಧಡಕ್ಕನೆ ಎದ್ದು ಕೂತಳು.

"ಅಯ್ಯೋ, ಬೆಳಗಾಗೋಯ್ತಾ!"

ಇಂಥ ಅವಕಾಶ ಬಿಡುವಷ್ಟು ಒಳ್ಳೆಯವನು ನಾನಲ್ಲ. ಅಡುಗೆಮನೆಗೆ ನುಸುಳಿ ಕುಕ್ಕರ್ ಕೂಗಿದ ಹಾಗೆ ಕೂಗಿದೆ. ಮಹಡಿಯ ತಾತ ದಿನಾ ಬೆಳಗ್ಗೆ ಗಂಟಲು ಸರಿಮಾಡಿಕೊಳ್ಳುವ 'ಖ್ಯಾಕ್, ಖರ್ರ್, ಅಮ್ಮಾ' ಪೂರ್ತಿ ಹೊರಡಿಸಿದೆ. ಭಾವನಿಗೆ ಕಣ್ಣು ಮಿಟುಕಿಸಿದೆ. ಆ ಮಹಾನುಭಾವರು ಬಾಯ್ತುಂಬ ಪೇಸ್ಟಿನ ನೊರೆಯೊಂದಿಗೆ ಪ್ರತ್ಯಕ್ಷರಾದರು.

"ಯಾಕ್ರೀ ಎಬ್ಬಿಸ್ಲಿಲ್ಲ? ಕೋಟಿಲ್ಲ, ತರಕಾರಿ ಇಲ್ಲ..."

"ಬುಳುಬುಳು," ಎಂದರು ಭಾವ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ತಲೆಯಡಿ ಮುದ್ದೆಯಾಗಿದ್ದ ಕೋಟನ್ನೇ ಕೊಡವಿ ಹಾಕಿಕೊಂಡಳು. "ಈ ವಾರ ಸುಕ್ಕಾಗೇ ಶುರುವಾಯ್ತು" ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು. ಚಾರ್ಜಿಗಿಟ್ಟಿದ್ದ ಫೋನೂ ನೆನಪಾಗಲಿಲ್ಲ.

ನಾನು ಹಿಂದೆಯೇ ಓಡಿದೆ. ಬಸ್ ಸ್ಟಾಪಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು.

"ಮಾತಾಡಿಸ್ಬೇಡ ಕಣೋ. ಅಷ್ಟು ಹೊತ್ತು ಮಲಗಿದ್ರೂ ಮಲಗಿದ ಹಾಗೇ ಇಲ್ಲ. ಕಣ್ಣೇ ಬಿಡೋಕಾಗ್ತಿಲ್ಲ. ಇವತ್ತು ಯಾರ ನರಾನೂ ಸಿಗಲ್ಲ ನಂಗೆ. ಎರಡೆರಡು ಸಲ ಚುಚ್ಚಿಸ್ಕೊಂಡು ಬೈತಾರೆ."

ಎರವಲು ತಂದ ದನಿಗಳೆಲ್ಲ ಗಂಟಲಲ್ಲೇ ಒಣಗಿದವು. ಉಳಿದದ್ದು ನನ್ನದೇ ದನಿ, ಮನೆಯಲ್ಲಿ ಯಾರೂ ನಂಬದ್ದು.

"ಅಕ್ಕಾ, ಇವತ್ತಿನ್ನೂ ಭಾನುವಾರ."

"ಸುಮ್ನಿರೋ."

ಅಷ್ಟರಲ್ಲಿ ನೆತ್ತಿಯ ಮೇಲಿನ ಬೀದಿದೀಪ ಪಿಳಿಪಿಳಿ ಎಂದು ಹತ್ತಿತು. ಅಕ್ಕ ಕಣ್ಣು ಬಿಟ್ಟು ಅದನ್ನೇ ನೋಡಿದಳು. ಆರಬೇಕಾದ ಹೊತ್ತಿಗೆ ಹತ್ತುತ್ತಿದೆ. ಆಚೆ ದೀಪವೂ ಹತ್ತಿತು, ಅದರಾಚೆಯದೂ.

"ಅಂದ್ರೆ..." ನನ್ನ ತೋಳು ಹಿಡಿದುಕೊಂಡಳು. "ಅಂದ್ರೆ ರಾತ್ರಿ ಪೂರ್ತಿ ಹಾಗೇ ಇದೆಯೇನೋ? ನಾನಿನ್ನೂ ಮಲಗಬಹುದಾ?"

"ಪೂರ್ತಿ ಇದೆ ಅಕ್ಕಾ."

ಆಗ ಭಾವ ಓಡಿಬಂದರು. ಒಂದು ಕೈಯಲ್ಲಿ ಅವಳ ಫೋನು, ಬಾಯಲ್ಲಿ ಅದೇ ಬ್ರಷ್ಷು. ಅಕ್ಕನ ಗಂಟಲಿಂದ ಬಿಕ್ಕಳಿಕೆಯಂಥದ್ದೊಂದು ಹೊರಟಿತು. ಅಳುತ್ತಾಳೋ ಎಂದು ನಾವಿಬ್ಬರೂ ಹೆದರಿದೆವು. ಅವಳು ಕೋಟು ಬಿಚ್ಚಿ ನನ್ನ ಮುಖಕ್ಕೆಸೆದಳು.

"ಇಸ್ತ್ರಿ ನಿಂದು. ತರಕಾರಿ ಈ ನೊರೆಬಾಯವ್ರದ್ದು. ನಾನು ಗೋಡೆಗೊರಗಿ ನೋಡ್ತೀನಿ."

ನಾನು ನಕ್ಕೆ, ಭಾವ ನೊರೆ ಉಗುಳಿ ನಕ್ಕರು. ಬಸ್ಸು ಗಡಗಡ ಬಂದು ನಿಂತು ಬಾಗಿಲು ತೆರೆಯಿತು. ಅಕ್ಕ ಮಹಡಿ ತಾತನ 'ಖ್ಯಾಕ್, ಖರ್ರ್, ಅಮ್ಮಾ'ವನ್ನು ನನಗಿಂತ ಚೆನ್ನಾಗಿ ಹೊರಡಿಸಿ, "ನಾಳೆ ಬಾರಪ್ಪಾ, ನಾಳೆ!" ಎಂದು ಡ್ರೈವರಿಗೆ ಕೈಬೀಸಿದಳು. ಹಾಗೇ ಬೆಂಚಿನ ಮೇಲೆ ಹೊರಳಿ ಹೊರಳಿ ನಕ್ಕಳು, ಬಸ್ಸಿನ ಗಡಗಡವೂ ಕೇಳಿಸದಷ್ಟು ಜೋರಾಗಿ.